ಯಾವ ದೂರಕ್ಕೆ ಕಣ್ಣು?

ಆಷಾಢ ಏಕಾದಶಿಗೆ ಸುಮಾರು ಮೂರು ವಾರ ಮೊದಲು ಆಳಂದಿಯಿಂದ ಜ್ಞಾನೇಶ್ವರರ ಪಾಲಖಿ, ದೇಹುವಿನಿಂದ ತುಕಾರಾಮರ ಪಾಲಖಿ ಹೊರಟು ಪುಣೆಯಲ್ಲಿ ತಂಗುತ್ತವೆ. ಜೊತೆಗೆ ನಡೆಯುವವರಲ್ಲಿ ಅರವತ್ತು ದಾಟಿದವರು ಬಹಳ. ಅವರಲ್ಲಿ ಎಷ್ಟೋ ಮಂದಿಯದು ಎರಡು ನೇಮ: ವರ್ಷಕ್ಕೊಮ್ಮೆ ಪಂಢರಪುರದವರೆಗೆ ನಡಿಗೆ, ಉಳಿದ ದಿನ ಮನೆಯಲ್ಲಿ ಜ್ಞಾನೇಶ್ವರಿಯ ಪಾರಾಯಣ. ನಡೆಯುವಾಗ ಹತ್ತು ಮಾರು ಮುಂದಿನ ರಸ್ತೆಯ ಗುಂಡಿ ಕಾಣಬೇಕು, ಪಾರಾಯಣಕ್ಕೆ ಕೂತಾಗ ಒಂದೂಕಾಲು ಅಡಿ ದೂರದ ಅಕ್ಷರ ಕಾಣಬೇಕು. ಎಳೆಯ ಕಣ್ಣಿನ ಮಸೂರ ತಾನೇ ಉಬ್ಬಿ ತಗ್ಗಿ ಎರಡನ್ನೂ ನಿಭಾಯಿಸುತ್ತದೆ. ಪೊರೆ ತೆಗೆಸಿ ಲೆನ್ಸ್ ಹಾಕಿಸಿಕೊಂಡ ಕಣ್ಣಿಗೆ ಆ ಸವಲತ್ತಿಲ್ಲ. ಸಾಮಾನ್ಯ ಲೆನ್ಸಿಗೆ ಒಂದೇ ಪವರು. ಕನ್ನಡಕವಿಲ್ಲದೆ ಚೆನ್ನಾಗಿ ಕಾಣುವುದು ಒಂದೇ ದೂರ. ಹಾಗಾದರೆ ಸರಿಯಾದ ಪವರು ಯಾವುದು? ಅದು ಕಣ್ಣಿನೊಳಗೇ ಎಲ್ಲೋ ಅಡಗಿದೆ, ಯಂತ್ರ ಅಳೆದು ಹೇಳುತ್ತದೆ ಎಂದೇ ನಾವೆಲ್ಲ ನಂಬಿರುವುದು. ಅಲ್ಲಿ ಅದು ಇಲ್ಲವೇ ಇಲ್ಲ ಎಂಬುದು ನನ್ನ ವಾದ.

ಯಂತ್ರದ ಕೆಲಸವೇನೂ ಸಣ್ಣದಲ್ಲ. 1949ರಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲಿ ಮೊದಲ ಬಾರಿ ಕೃತಕ ಲೆನ್ಸ್ ಕೂರಿಸಿದಾಗ ಪವರಿನ ಅಂದಾಜು ವಿಪರೀತ ತಪ್ಪಿ, ರೋಗಿಗೆ ಭಾರೀ ಮೈನಸ್ ನಂಬರು ಉಳಿಯಿತು. 1980ರಲ್ಲಿ ಸ್ಯಾಂಡರ್ಸ್, ರೆಟ್ಜ್‌ಲಾಫ್, ಕ್ರಾಫ್ ಎಂಬ ಮೂವರು ಕೊಟ್ಟ ಸೂತ್ರ ಬಲು ಸರಳ: ಲೆನ್ಸಿಗೆ ಗೊತ್ತುಮಾಡಿದ ಒಂದು ಸ್ಥಿರಾಂಕದಿಂದ ಕಣ್ಣಿನ ಉದ್ದದ ಎರಡೂವರೆ ಪಟ್ಟನ್ನೂ ಕಾರ್ನಿಯಾದ ಶಕ್ತಿಯ 0.9 ಪಟ್ಟನ್ನೂ ಕಳೆಯುವುದು. ಸ್ಥಿರಾಂಕ 118.4, ಉದ್ದ 23.5 ಮಿಲಿಮೀಟರ್, ಕಾರ್ನಿಯಾ 44 ಡಯಾಪ್ಟರ್ (ಪವರು ಅಳೆಯುವ ಮಾನ) ಆದರೆ ಸುಮಾರು 20 ಡಯಾಪ್ಟರಿನ ಲೆನ್ಸ್ ಬೇಕು. ಉದ್ದದ ಅಳತೆಯಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ಎರಡೂವರೆ ಡಯಾಪ್ಟರ್ ತಪ್ಪಿತು. ಈಗ ಬೆಳಕಿನಿಂದ ಅಳೆಯುವ ಯಂತ್ರಗಳಿವೆ, ಇನ್ನೂ ಜಾಣ ಸೂತ್ರಗಳಿವೆ. ಆದರೂ ಹಾಕಿದ ಲೆನ್ಸ್ ಕಣ್ಣೊಳಗೆ ಎಷ್ಟು ಆಳದಲ್ಲಿ ನೆಲೆನಿಲ್ಲುತ್ತದೆ ಎಂಬುದನ್ನು ಮೊದಲೇ ಅಳೆಯಲಾಗುವುದಿಲ್ಲ, ಊಹಿಸಬೇಕು. ಬ್ರಿಟನ್ನಿನ ತಜ್ಞರು 2009ರಲ್ಲಿ ಸೂಚಿಸಿದ ಮಾನದಂಡವೇ ನೂರರಲ್ಲಿ 85 ಕಣ್ಣು ಗುರಿಯಿಂದ ಒಂದು ಡಯಾಪ್ಟರಿನೊಳಗೆ ಬಂದರೆ ಸಾಕು ಎನ್ನುತ್ತದೆ. ಇದೆಲ್ಲ ಗುರಿ ಮುಟ್ಟುವ ಕಷ್ಟದ ಮಾತಾಯಿತು. ಗುರಿ ಯಾವುದು ಎಂಬುದನ್ನು ಮಾತ್ರ ಯಂತ್ರಕ್ಕೆ ಹೊರಗಿನಿಂದಲೇ ಹೇಳಿಕೊಡಬೇಕು. ಶಸ್ತ್ರಕ್ರಿಯೆಯ ನಂತರ ಉಳಿಯಬೇಕಾದ ನಂಬರು ಸೊನ್ನೆ ಎಂದರೆ ರಸ್ತೆ ಕಾಣುತ್ತದೆ. ಮೈನಸ್ ಎರಡೂವರೆ ಎಂದರೆ ಪಾರಾಯಣದ ಪೋಥಿ ಕಾಣುತ್ತದೆ, ಆಗ ಅದೇ ಕಣ್ಣಿಗೆ 20ರ ಬದಲು 23ರ ಆಸುಪಾಸಿನ ಲೆನ್ಸ್ ಹೋಗುತ್ತದೆ. ಎರಡೂ ಉತ್ತರ ಗಣಿತಕ್ಕೆ ಸಮ್ಮತವೇ.

ನಮ್ಮ ದರ್ಶನಗಳಲ್ಲಿ ಇದಕ್ಕೆ ಹತ್ತಿರದ ಒಂದು ಹಳೆಯ ಜಗಳವಿದೆ. ಒಂದು ಜ್ಞಾನ ಸರಿಯೆಂದು ತಿಳಿಯುವುದು ಹೇಗೆ? ಅದನ್ನು ನಂಬಿ ಮಾಡಿದ ಪ್ರವೃತ್ತಿ ಫಲಿಸಿದಾಗ, ಎಂದರು ನ್ಯಾಯದರ್ಶನದವರಾದ ನೈಯಾಯಿಕರು. ನೀರೆಂದು ನಂಬಿ ಹೋದವನ ಬಾಯಾರಿಕೆ ಹಿಂಗಿದರೆ ಅದು ನೀರೇ. ಮಧ್ವಾಚಾರ್ಯರು ಇದನ್ನು ಒಪ್ಪಲಿಲ್ಲ. ಪರೀಕ್ಷೆ ಎಷ್ಟೇ ನಡೆಯಲಿ, ಕೊನೆಗೆ ಸರಿಯೆಂದು ನಿಶ್ಚಯಿಸುವುದು ತಿಳಿಯುವವನೊಳಗಿನ ಸಾಕ್ಷಿಯೇ ಎಂದರು. ಜಗಳ ತೀರಿಸುವ ಉಸಾಬರಿ ನನಗೆ ಬೇಡ. ಲೆನ್ಸಿನ ಮಟ್ಟಿಗೆ ಇಬ್ಬರ ಮಾತೂ ಒಂದೇ ಕಡೆ ತಂದು ನಿಲ್ಲಿಸುತ್ತದೆ. ಪ್ರವೃತ್ತಿಯೇ ಒರೆಗಲ್ಲಾದರೆ, ಯಾರ ಯಾವ ಪ್ರವೃತ್ತಿ ಎಂದು ಮೊದಲು ಕೇಳಲೇಬೇಕು. ಸಾಕ್ಷಿಯೇ ಕೊನೆಯ ಮಾತಾದರೆ, ಗೋಡೆಯ ಚಾರ್ಟಿನಲ್ಲಿ ಕೊನೆಯ ಸಾಲು ಓದಿದ್ದೇ ತೀರ್ಪಾಗುವುದಿಲ್ಲ. ಹುಟ್ಟಾ ಮೈನಸ್ ಮೂರರವರನ್ನು ನೋಡಿ. ಜೀವಮಾನವಿಡೀ ಕನ್ನಡಕ ತೆಗೆದಿಟ್ಟು ಪುಸ್ತಕ ಓದಿದವರಿಗೆ ಸೊನ್ನೆಯ ಗುರಿಯಿಟ್ಟು ಲೆನ್ಸ್ ಹಾಕಿದರೆ ದಾಖಲೆಯಲ್ಲಿ ಅದು ಪೂರ್ಣ ಯಶಸ್ಸು. ಅವರಿಗೋ, ಇದ್ದೊಂದು ಸುಖ ಕಿತ್ತುಕೊಂಡ ಹಾಗೆ.

ಇದೆಲ್ಲ ಉಳ್ಳವರ ತಾತ್ವಿಕತೆ, ಕುರುಡಾಗುತ್ತಿರುವ ಬಡವನಿಗೆ ದೂರವೋ ಹತ್ತಿರವೋ ಎಂದು ಕೇಳುವುದು ಅಣಕವಲ್ಲವೇ ಎಂಬ ಆಕ್ಷೇಪವನ್ನು ಹಗುರಾಗಿ ತಳ್ಳುವಂತಿಲ್ಲ. ಡಾ. ಎಂ.ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರ ಹೂಡಿ ಲಕ್ಷಾಂತರ ಜನರ ಪೊರೆ ತೆಗೆದ ಕಾಲದಲ್ಲಿ ಲೆನ್ಸ್ ಹಾಕುವ ರೂಢಿಯೇ ಇರಲಿಲ್ಲ. ಪ್ಲಸ್ ಹತ್ತರ ದಪ್ಪ ಕನ್ನಡಕವೇ ದೊಡ್ಡ ವರ. ಆಮೇಲೆ ಅಳೆಯುವ ಯಂತ್ರವಿಲ್ಲದ ಕಡೆಗಳಲ್ಲಿ ಎಲ್ಲರಿಗೂ 21, 22ರ ಲೆನ್ಸನ್ನೇ ಹಾಕಿದ್ದೂ ಉಂಟು. ಸರಾಸರಿ ಕಣ್ಣಿಗೆ ಅದು ಸರಿಹೊಂದುತ್ತಿತ್ತು, ಉಳಿದವರ ಪಾಲಿಗೆ ಅದೃಷ್ಟ. ಬಹುಜನರ ಬಹುಹಿತವೆಂಬ ಈ ತರ್ಕವನ್ನು ಪುಣೆಯವರೇ ಒಬ್ಬರು ತಿಕ್ಕಿ ನೋಡಿದ್ದರು. ಮಂಡಾಲೆಯ ಸೆರೆಯಲ್ಲಿ ಬರೆದು 1915ರಲ್ಲಿ ಪ್ರಕಟಿಸಿದ 'ಗೀತಾರಹಸ್ಯ'ದಲ್ಲಿ ತಿಲಕರು, ಸುಖವನ್ನು ತಲೆ ಎಣಿಸಿ ಕೂಡಿಸುವ ನೀತಿ ಸಾಲದು, ಮಾಡುವವನ ಬುದ್ಧಿ ಎಲ್ಲರಲ್ಲಿ ಸಮವಾಗಿದೆಯೇ ಎಂಬುದೇ ಮುಖ್ಯ ಎಂದು ವಾದಿಸಿದರು. ಯಂತ್ರವೇ ಇಲ್ಲದಲ್ಲಿ ಸರಾಸರಿ ಲೆನ್ಸ್ ಹಾಕಿದ್ದು ತಪ್ಪಲ್ಲ, ಅದು ಕೈಲಾದುದರ ಎಲ್ಲೆ. ಆದರೆ ಕೇಳಲಿಕ್ಕೆ ಯಂತ್ರ ಬೇಕಿಲ್ಲ. ಪುಣೆಯ ಮಂಡೈ ಮಾರುಕಟ್ಟೆಯಲ್ಲಿ ಹೂ ಕಟ್ಟುವವಳಿಗೂ ಹಡಪಸರದಲ್ಲಿ ಲಾರಿ ಓಡಿಸುವವನಿಗೂ ಒಂದೇ ಗುರಿ ಇಟ್ಟರೆ ಅದನ್ನು ಸಮಬುದ್ಧಿ ಎನ್ನಲಾಗದು. ಇಬ್ಬರನ್ನೂ ಒಂದೇ ಪ್ರಶ್ನೆ ಕೇಳಿದರೆ ಎನ್ನಬಹುದು.

ರೋಗಿಗೇನು ಗೊತ್ತಾಗುತ್ತದೆ, ಮೈನಸ್ ಎರಡೂವರೆ ಎಂದರೆ ಹೇಗಿರುತ್ತದೆಂದು ಅವನು ಕಂಡಿಲ್ಲವಲ್ಲ ಎನ್ನುವವರಿದ್ದಾರೆ. ನಿಜ, ಕಂಡಿಲ್ಲ. ಡಯಾಪ್ಟರ್ ಅವನಿಗೆ ಗೊತ್ತಿರಬೇಕಾಗಿಯೂ ಇಲ್ಲ. ದಿನವಿಡೀ ಕೈ ಏನು ಮಾಡುತ್ತದೆ, ಯಾವಾಗ ಕನ್ನಡಕ ಹಾಕಿಕೊಳ್ಳಲು ಬೇಸರವಿಲ್ಲ ಎಂಬುದು ಗೊತ್ತಿದ್ದರೆ ಸಾಕು. ಅದನ್ನು ಡಯಾಪ್ಟರಿಗೆ ಇಳಿಸುವುದು ವೈದ್ಯರ ವಿದ್ಯೆ. ಇನ್ನು, ದುಡ್ಡು ಕೊಟ್ಟರೆ ಮಲ್ಟಿಫೋಕಲ್ ಲೆನ್ಸ್ ಇದೆ, ಆಯ್ಕೆಯ ತಾಪತ್ರಯವೇ ಇಲ್ಲ ಎಂಬ ಮಾತು ಆಸ್ಪತ್ರೆಯ ಜಾಹೀರಾತಿನಲ್ಲಿ ಚೆನ್ನ. ಆ ಲೆನ್ಸ್ ಬೆಳಕನ್ನು ಎರಡು ಮೂರು ದೂರಗಳಿಗೆ ಹಂಚುತ್ತದೆ. ಹಂಚಿದ ಮೇಲೆ ಪ್ರತಿ ಪಾಲೂ ಕಡಿಮೆಯೇ. ಮಬ್ಬು ಬೆಳಕಲ್ಲಿ ನೋಟ ಸ್ವಲ್ಪ ಸೊರಗುತ್ತದೆ, ರಾತ್ರಿ ದೀಪಗಳ ಸುತ್ತ ಬಳೆಗಳು ಕಾಣಬಹುದು. ಒಂದು ಕಣ್ಣನ್ನು ದೂರಕ್ಕೆ, ಇನ್ನೊಂದನ್ನು ಹತ್ತಿರಕ್ಕೆ ಇಡುವ ಉಪಾಯವೂ ಇದೆ. ಅದಕ್ಕೆ ಎಲ್ಲರ ಮಿದುಳೂ ಒಗ್ಗುವುದಿಲ್ಲ. ಯಾವುದನ್ನು ಬಿಟ್ಟುಕೊಡುತ್ತೀರಿ ಎಂಬ ಪ್ರಶ್ನೆ ಇಲ್ಲೆಲ್ಲ ವೇಷ ಬದಲಿಸಿ ಬರುತ್ತದೆ, ಅಷ್ಟೆ.

ಕೇಳಿ, ಅಳೆದು, ಎಚ್ಚರದಿಂದ ಹಾಕಿದ ಲೆನ್ಸೂ ಅರ್ಧ ಡಯಾಪ್ಟರ್ ಆಚೀಚೆ ಆದರೆ? ತಿಲಕರ ಲೆಕ್ಕದಲ್ಲಿ ವೈದ್ಯರ ಕರ್ಮಕ್ಕೆ ದೋಷವಿಲ್ಲ. ನೈಯಾಯಿಕ ಮಾತ್ರ ತಲೆಯಾಡಿಸುತ್ತಾನೆ, ಫಲಿಸಲಿಲ್ಲವಲ್ಲ ಎಂದು. ಇಬ್ಬರಿಗೂ ಎಡೆ ಕೊಡುವ ಒಂದು ಅನುಕೂಲ ಕಣ್ಣಿನ ವಿಷಯದಲ್ಲಿದೆ. ಪೊರೆ ಸಾಮಾನ್ಯವಾಗಿ ಎರಡೂ ಕಣ್ಣಿಗೆ ಬರುತ್ತದೆ, ಶಸ್ತ್ರಕ್ರಿಯೆ ಒಂದೊಂದಾಗಿ ನಡೆಯುತ್ತದೆ. ಮೊದಲ ಕಣ್ಣು ಗುರಿಯಿಂದ ಎಷ್ಟು ಜಾರಿತೆಂದು ನೋಡಿ ಎರಡನೆಯದರ ಲೆಕ್ಕವನ್ನು ತುಸು ತಿದ್ದುವ ಕ್ರಮ ವೈದ್ಯರಲ್ಲಿದೆ. ಅಷ್ಟರಲ್ಲಿ ರೋಗಿಯೂ ಹೊಸ ಕಣ್ಣಲ್ಲಿ ಒಂದು ತಿಂಗಳು ನಡೆದು, ಓದಿ, ಅಡಿಗೆ ಮಾಡಿ ನೋಡಿರುತ್ತಾರೆ. ಎರಡನೆಯ ಲೆನ್ಸಿನ ಪವರು ಬರೆಯುವ ಮುನ್ನ ಆ ತಿಂಗಳ ಸಮಾಚಾರ ವಿಚಾರಿಸುವುದಕ್ಕೆ ಐದು ನಿಮಿಷವೂ ಬೇಡ.