ಆಟೀನ್ ರಾಜನ ಕೊಡಲಿ

ಇಸ್ಪೀಟು ಕಟ್ಟಿನಲ್ಲಿರುವ ಆಟೀನ್ ರಾಜನನ್ನು ಒಮ್ಮೆ ಸಾವಧಾನವಾಗಿ ನೋಡಬೇಕು. ಕತ್ತಿಯ ಹಿಡಿ ಕೈಯಲ್ಲಿದೆ, ಅಲಗು ತಲೆಯ ಹಿಂದೆ ಹೋಗಿ ಮಾಯವಾಗಿದೆ. ತನ್ನನ್ನು ತಾನೇ ಇರಿದುಕೊಳ್ಳುತ್ತಿದ್ದಾನೆ ಅನ್ನಿಸುತ್ತದೆ. ಇಂಗ್ಲಿಷ್ ಆಟಗಾರರು ಅವನನ್ನು ಆತ್ಮಹತ್ಯೆಯ ರಾಜ ಎಂದೇ ಕರೆಯುತ್ತಾರೆ. ಉಳಿದ ಮೂವರಿಗಿರುವ ಮೀಸೆಯೂ ಇವನಿಗಿಲ್ಲ. ಆ ಸಪ್ಪೆ ಮೋರೆ ನೋಡುತ್ತ ಮನಸ್ಸು ತಾನಾಗಿ ಏನೋ ಕಥೆ ಕಟ್ಟತೊಡಗುತ್ತದೆ.

ಅವನ ಕೈಯಲ್ಲಿ ಮೊದಲು ಇದ್ದದ್ದು ಕೊಡಲಿ. 16ನೇ ಶತಮಾನದಲ್ಲಿ ಫ್ರಾನ್ಸಿನ ರೂಆನ್ ಪಟ್ಟಣದಲ್ಲಿ ಅಚ್ಚಾದ ಎಲೆಗಳಲ್ಲಿ ಅದು ಸ್ಪಷ್ಟವಾಗಿದೆ. ಇಂಗ್ಲೆಂಡಿಗೆ ಹೋಗುತ್ತಿದ್ದದ್ದು ಅಲ್ಲಿನ ಎಲೆಗಳೇ. 1628ರಲ್ಲಿ ಲಂಡನ್ನಿನ ಎಲೆ ತಯಾರಕರ ಸಂಘಕ್ಕೆ ರಾಜಸನ್ನದು ಸಿಕ್ಕಿ, ಹೊರಗಿನ ಮಾಲಿಗೆ ತಡೆ ಬಿದ್ದ ಮೇಲೆ ಆ ಚಿತ್ರಗಳು ಪೂರ್ತಿ ಅಲ್ಲಿನ ಕೆತ್ತನೆಗಾರರ ಪಾಲಿಗೆ ಬಂದವು. ಮರದ ಹಲಗೆಯಲ್ಲಿ ಗೆರೆಯನ್ನು ಉಬ್ಬಾಗಿ ಉಳಿಸಿ ಸುತ್ತಲಿನದನ್ನೆಲ್ಲ ಕೆತ್ತಿ ತೆಗೆಯಬೇಕು, ಅದೂ ಎಡಬಲ ಅದಲುಬದಲಾಗಿ. ಹಲಗೆ ಸವೆದರೆ ಇನ್ನೊಂದು; ಅದಕ್ಕೆ ಮಾದರಿ ಹಳೆಯ ಎಲೆಯೇ. ಹೀಗೆ ನಕಲಿಗೆ ನಕಲು ಆಗುತ್ತ ಕೊಡಲಿಯ ಬಾಯಿ ಅಂಚಿಗೆ ಸರಿದು ಕಾಣದಾಯಿತು. ಉಳಿದ ಕಾವು ಕತ್ತಿಯಾಯಿತು. ಇಸ್ಪೀಟ್ ಗುಲಾಮ ಹಿಡಿದಿರುವ ಹುರಿಹಗ್ಗದಂಥ ವಸ್ತು ಈಗ ಏನೆಂದು ಗುರುತೇ ಹತ್ತುವುದಿಲ್ಲ.

ಅರ್ಥಗಳು ಆಮೇಲೆ ಬಂದು ಕೂತವು. ಪ್ಯಾರಿಸ್ಸಿನ ಎಲೆಗಳಲ್ಲಿ ರಾಜರಿಗೆ ಹೆಸರೇ ಅಚ್ಚಾಗಿರುತ್ತದೆ. ಆಟೀನ್ ರಾಜ ಅಲ್ಲಿ ಶಾರ್ಲಮೇನ್. ನಾವು ಆಡುವ ಎಲೆಗಳು ರೂಆನ್ ವಂಶದವು, ಅವಕ್ಕೆ ಆ ಹೆಸರುಗಳು ಸಲ್ಲುವುದಿಲ್ಲ. 52 ಎಲೆಗೆ 52 ವಾರ ಎಂಬ ಲೆಕ್ಕ ಚೆಂದವೇ. ಆದರೆ ಜರ್ಮನಿಯಲ್ಲಿ 32ರ ಕಟ್ಟು, ಸ್ಪೇನಿನಲ್ಲಿ 40ರ ಕಟ್ಟು ಇರುವಾಗ ಆ ಪಂಚಾಂಗ ನಿಲ್ಲುವುದೆಲ್ಲಿ?

ಬೇಕೆಂದೇ ಅರ್ಥ ತುಂಬಿದ ಕಾಲವೂ ಒಂದಿತ್ತು. 1793ರ ಸುಮಾರಿಗೆ, ಕ್ರಾಂತಿಯ ಫ್ರಾನ್ಸಿನಲ್ಲಿ ರಾಜರ ಜಾಗಕ್ಕೆ ಯುದ್ಧ, ಶಾಂತಿ, ಕಲೆ, ವ್ಯಾಪಾರಗಳ ಅಧಿದೇವತೆಗಳನ್ನು ತಂದರು. ರಾಣಿಯ ಜಾಗದಲ್ಲಿ ಸ್ವಾತಂತ್ರ್ಯ, ಗುಲಾಮನ ಜಾಗದಲ್ಲಿ ಸಮಾನತೆ. ಆಶಯ ದೊಡ್ಡದು. ಆದರೂ ಹಳೆಯ ಮುಖಗಳೇ ಮರಳಿ ಬಂದವು.

ನನ್ನನ್ನು ಹಿಡಿದು ನಿಲ್ಲಿಸುವವರು ಆ ಕೆತ್ತನೆಗಾರರು. ಅವರಲ್ಲಿ ಹೆಚ್ಚಿನವರ ಹೆಸರು ಉಳಿದಿಲ್ಲ. ರಾಜನಿಗೆ ದುಃಖ ಕೊಡಬೇಕೆಂದು ಯಾರೂ ಉಳಿ ಹಿಡಿಯಲಿಲ್ಲ. ಹೊಸ ಎಲೆ ಹಳೆಯದರಂತೆಯೇ ಇರಲಿ ಎಂದು ದುಡಿದರು, ಹಾಗಾಗಿ ಹಿಂದಿನವರ ಕೈತಪ್ಪೂ ಜೋಪಾನವಾಯಿತು. 19ನೇ ಶತಮಾನದಲ್ಲಿ ಇನ್ನೊಂದು ಬದಲಾವಣೆ ಬಂತು. ತಲೆಕೆಳಗಾದ ಚಿತ್ರದೆಲೆಯನ್ನು ನೇರ ಮಾಡಿಕೊಂಡರೆ ಎದುರಾಳಿಗೆ ಸುಳಿವು ಸಿಗುತ್ತಿತ್ತು. ಅದನ್ನು ತಪ್ಪಿಸಲು ಸೊಂಟದಲ್ಲೇ ಕಡಿದು ಎರಡು ತಲೆ ಜೋಡಿಸಿದರು; ರಾಜನ ಕಾಲೂ ಹೋಯಿತು. ಕೊಡಲಿಯನ್ನು ಮರಳಿಸಲು ಆಗಲೂ ಅವಕಾಶವಿತ್ತು, ಕಂಪ್ಯೂಟರಿನಲ್ಲಿ ಗೆರೆ ಎಳೆಯುವ ಈಗಲೂ ಇದೆ. ಮುದ್ರಕರು ತಿದ್ದದೆ ಬಿಟ್ಟಿರುವುದು ನನಗೆ ನಿಜವಾಗಿ ಸಂತೋಷ. ತಿದ್ದಿದ್ದರೆ ಆ ಕೆತ್ತನೆಗಾರರು ಇದ್ದರೆಂಬುದಕ್ಕೆ ಸಾಕ್ಷಿ ಯಾವುದು?