ನಗಿಸುವ ಮಾತು, ನೋಯಿಸುವ ಮಾತು

ಮನುಷ್ಯನ ಗುಣಸ್ವಭಾವವನ್ನು ಒಂದೇ ವಾಕ್ಯದಲ್ಲಿ ಹಿಡಿದು ನಗಿಸುವುದರಲ್ಲಿ ಇಂಗ್ಲಿಷ್ ಲೇಖಕರದು ಎತ್ತಿದ ಕೈ. ಡಬ್ಲಿನ್‌ನಲ್ಲಿ ಹುಟ್ಟಿ ಲಂಡನ್ನಿನ ರಂಗಭೂಮಿಯಲ್ಲಿ ಹೆಸರು ಮಾಡಿದ ಆಸ್ಕರ್ ವೈಲ್ಡ್, 1892ರ ತಮ್ಮ ನಾಟಕವೊಂದರಲ್ಲಿ ಸಿನಿಕನನ್ನು ಅಣಕಿಸುತ್ತಾರೆ. ಅಂಗಡಿಯ ಸಾಮಾನಿನಂತೆ ಎಲ್ಲಕ್ಕೂ ದರ ಕಟ್ಟಬಲ್ಲವನು, ಆದರೆ ಯಾವುದರ ನಿಜವಾದ ಯೋಗ್ಯತೆಯನ್ನೂ ಅರಿಯದವನು ಎಂಬುದು ಆ ಮಾತಿನ ತಾತ್ಪರ್ಯ. ಇದನ್ನು ಕೇಳಿದ ಕೂಡಲೇ ನಮಗೆ ಒಂದು ಮುಖ ನೆನಪಾಗುತ್ತದೆ. ನೆರೆಯವರದೋ, ಭಾವಮೈದುನನದೋ ಇರಬಹುದು. ನಮ್ಮದಂತೂ ಅಲ್ಲ!

ಪ್ರಿಯ ಓದುಗರೇ, ಪ್ರಶ್ನೆ ಹುಟ್ಟುವುದು ಇಲ್ಲೇ. ಮನುಷ್ಯಸ್ವಭಾವವನ್ನು ಕಂಡು ನಗುವಾಗ, ಆ ಮನುಷ್ಯರ ಲೆಕ್ಕದಲ್ಲಿ ನಾವೂ ಇದ್ದೇವೆಯೇ?

ನಗೆ ಪಾಪವೆಂದು ಧರ್ಮಸಭೆ ಎಂದೂ ಹೇಳಿಲ್ಲ. ಸಂತ ಥಾಮಸ್ ಅಕ್ವಿನಾಸರು ಅರಿಸ್ಟಾಟಲನನ್ನು ಅನುಸರಿಸಿ ಹಿತಮಿತವಾದ ವಿನೋದವನ್ನು ಸದ್ಗುಣಗಳ ಸಾಲಿನಲ್ಲೇ ಸೇರಿಸಿದ್ದಾರೆ. ತಾನೂ ನಗದೆ ಇತರರ ನಗುವನ್ನೂ ಕೆಡಿಸುವವನಲ್ಲಿ ದೋಷವಿದೆ ಎಂದೂ ಅವರು ಬರೆದಿದ್ದಾರೆ. (ಸದಾ ಮುಖ ಗಂಟಿಕ್ಕಿಕೊಂಡಿರುವ ನಮ್ಮಂಥ ಗುರುಗಳು ಇದನ್ನು ಆಗಾಗ ಓದಿಕೊಳ್ಳುವುದು ಒಳ್ಳೆಯದು.) ಆದರೆ ಅದೇ ಗ್ರಂಥದ ಇನ್ನೊಂದು ಕಡೆ ಅಪಹಾಸ್ಯವನ್ನು ಅವರು ಬೇರೆಯಾಗಿಯೇ ವಿಚಾರಿಸುತ್ತಾರೆ. ಎದುರಿಗಿರುವವನು ನಾಚಿ ತಲೆತಗ್ಗಿಸಬೇಕೆಂಬ ಉದ್ದೇಶವೇ ಅಪಹಾಸ್ಯದ ಗುರುತು. ಅದನ್ನು ಅವರು ಪಾಪವೆಂದೇ ಕರೆದರು.

ಈ ಅಂತರ ಮನೆಯೊಳಗೆ ಹೇಗೆ ಕಾಣಿಸಿಕೊಳ್ಳುತ್ತದೆ ಎಂಬುದನ್ನು ಜೇನ್ ಆಸ್ಟಿನ್ ಅವರಷ್ಟು ಚೆನ್ನಾಗಿ ತೋರಿಸಿದವರು ಕಡಮೆ. ಆಂಗ್ಲಿಕನ್ ಪಾದ್ರಿಯೊಬ್ಬರ ಮಗಳಾದ ಈಕೆ 1813ರಲ್ಲಿ ಪ್ರಕಟಿಸಿದ 'ಪ್ರೈಡ್ ಅಂಡ್ ಪ್ರೆಜುಡಿಸ್' ಕಾದಂಬರಿಯಲ್ಲಿ ಬೆನೆಟ್ ಎಂಬ ಗೃಹಸ್ಥರಿದ್ದಾರೆ. ಐದು ಹೆಣ್ಣುಮಕ್ಕಳ ತಂದೆ. ಯೌವನ, ಚೆಲುವಿಗೆ ಮರುಳಾಗಿ ಮದುವೆಯಾದವರಿಗೆ ಹೆಂಡತಿಯ ಬುದ್ಧಿ ಅಷ್ಟಕ್ಕಷ್ಟೇ ಎಂದು ಬೇಗನೆ ತಿಳಿಯಿತು. ಅವರು ಕುಡಿತಕ್ಕೆ ಇಳಿಯಲಿಲ್ಲ, ಪರಸ್ತ್ರೀಯ ಬೆನ್ನು ಹತ್ತಲಿಲ್ಲ. ಪುಸ್ತಕದ ಕೋಣೆ ಸೇರಿಕೊಂಡು, ಹೊರಬಂದಾಗಲೆಲ್ಲ ಹೆಂಡತಿಯ ದಡ್ಡತನದಿಂದ ವಿನೋದ ಪಡೆದರು. ಆ ಹೆಂಗಸಿಗೆ ಅರ್ಧ ಮಾತು ಅರ್ಥವಾಗುವುದೇ ಇಲ್ಲ. ನಾವೋ, ಪುಟಪುಟಕ್ಕೂ ನಗುತ್ತೇವೆ.

ಕಥೆ ಅರ್ಧ ದಾಟಿದ ಮೇಲೆ ಲೇಖಕಿ ನಮ್ಮ ನಗುವನ್ನು ತಡೆದು ನಿಲ್ಲಿಸುತ್ತಾರೆ. ಮಕ್ಕಳೆದುರಿಗೇ ತಾಯಿಯನ್ನು ಹಗುರ ಮಾಡುವುದು ತಪ್ಪು ಎಂಬುದು ಎರಡನೆಯ ಮಗಳು ಎಲಿಜಬೆತ್‌ಗೆ ಹಿಂದಿನಿಂದಲೂ ಗೊತ್ತಿತ್ತು. ತಂದೆಯ ಮುದ್ದಿನ ಮಗಳಾದ್ದರಿಂದ ಮರೆಯಲು ನೋಡುತ್ತಿದ್ದಳು. ಕಿರಿಯವಳಾದ ಲಿಡಿಯಾಳನ್ನು ಬ್ರೈಟನ್ನಿಗೆ ಕಳುಹಿಸಬೇಡಿರೆಂದು ಆಕೆ ಬೇಡಿಕೊಂಡಾಗಲೂ ತಂದೆ ತಮಾಷೆ ಮಾಡಿಯೇ ಮಾತು ಮುಗಿಸಿದರು. ಲಿಡಿಯಾ ಅಲ್ಲಿಂದ ಒಬ್ಬನೊಂದಿಗೆ ಓಡಿಹೋದಳು. ಆಗ ಬೆನೆಟ್ಟರು ತಪ್ಪು ತಮ್ಮದೇ ಎಂದು ಒಪ್ಪಿಕೊಂಡರು. ಆದರೆ ಈ ಪಶ್ಚಾತ್ತಾಪ ಬಹಳ ದಿನ ಬಾಳುವುದಿಲ್ಲವೆಂದು ಅದರ ಬಗ್ಗೆಯೂ ಒಂದು ಹಾಸ್ಯ ಸೇರಿಸಿದರು. ಹಾಗೆಯೇ ಆಯಿತು. ಇಡೀ ಕಾದಂಬರಿಯಲ್ಲಿ ನನಗೆ ತೀರಾ ದುಃಖದ್ದೆನಿಸುವುದು ಈ ನಗೆಮಾತೇ. ತನ್ನನ್ನೇ ನೋಡಿ ನಕ್ಕವನು ವಿನಯವಂತ ಎಂದು ನಾವು ಬೇಗ ನಂಬಿಬಿಡುತ್ತೇವೆ. ಪಾಪನಿವೇದನೆಯನ್ನೂ ಚಮತ್ಕಾರದ ಮಾತಾಗಿಸಿ ತಪ್ಪಿಸಿಕೊಳ್ಳಲು ಸಾಧ್ಯ.

ಇನ್ನೊಬ್ಬರು ಸ್ಯಾಮುಯೆಲ್ ಜಾನ್ಸನ್. 1755ರಲ್ಲಿ ಪ್ರಸಿದ್ಧ ಇಂಗ್ಲಿಷ್ ನಿಘಂಟನ್ನು ಹೊರತಂದವರು. ಅವರ ಚತುರ ಮಾತುಗಳನ್ನು ಗೆಳೆಯ ಬಾಸ್ವೆಲ್ 1791ರಲ್ಲಿ ಗ್ರಂಥವಾಗಿಸಿದರು. ಜಾನ್ಸನ್ ಸಂತರೇನಲ್ಲ, ವಾದಕ್ಕೆ ನಿಂತರೆ ಎದುರಾಳಿಯನ್ನು ನೆಲಕ್ಕೆ ಕೆಡವದೆ ಬಿಡುತ್ತಿರಲಿಲ್ಲ. ಆದರೆ ಕಣ್ಣು ಕಾಣದ ಅನ್ನಾ ವಿಲಿಯಮ್ಸ್, ಬಡವರಿಗೆ ಮದ್ದು ಕೊಡುತ್ತಿದ್ದ ರಾಬರ್ಟ್ ಲೆವೆಟ್, ಜಮೈಕಾದಲ್ಲಿ ಗುಲಾಮನಾಗಿ ಹುಟ್ಟಿದ ಫ್ರಾನ್ಸಿಸ್ ಬಾರ್ಬರ್, ಇವರೆಲ್ಲ ಅವರ ಮನೆಯಲ್ಲೇ ಆಶ್ರಯ ಪಡೆದಿದ್ದರು.

ಜಾನ್ಸನ್ನರ ಒಂದು ಮಾತನ್ನು ಪರೀಕ್ಷೆ ಹತ್ತಿರ ಬಂದಾಗಲೆಲ್ಲ ಜನ ನೆನೆಯುತ್ತಾರೆ. ಹದಿನೈದು ದಿನದಲ್ಲಿ ನೇಣಿಗೇರಬೇಕೆಂದು ತಿಳಿದವನ ಚಿತ್ತ ಆಶ್ಚರ್ಯವಾಗುವಷ್ಟು ಏಕಾಗ್ರವಾಗುತ್ತದೆ ಎಂಬರ್ಥದ ಮಾತು. ಕಠೋರವೆನಿಸುತ್ತದೆ, ಅಲ್ಲವೇ? ಅದರ ಹಿನ್ನೆಲೆ ಕೇಳಿ. ವಿಲಿಯಂ ಡಾಡ್ ಎಂಬ ಆಂಗ್ಲಿಕನ್ ಪಾದ್ರಿ, ಶ್ರೀಮಂತರೊಬ್ಬರ ಹೆಸರಿನಲ್ಲಿ 4,200 ಪೌಂಡಿನ ಸಾಲಪತ್ರವನ್ನು ನಕಲಿ ಮಾಡಿ ಸಿಕ್ಕಿಬಿದ್ದಿದ್ದ. ಆಗ ಅದಕ್ಕೆ ಮರಣದಂಡನೆ. ಅಷ್ಟೇನೂ ಪರಿಚಯವಿಲ್ಲದ ಈ ಮನುಷ್ಯನಿಗಾಗಿ ಜಾನ್ಸನ್ ಕ್ಷಮಾದಾನದ ಮನವಿಗಳನ್ನು ಬರೆದುಕೊಟ್ಟರು. ನ್ಯೂಗೇಟ್ ಸೆರೆಮನೆಯಲ್ಲಿ ಸಹಕೈದಿಗಳಿಗೆ ಆತ ನೀಡಿದ ಪ್ರಬೋಧನೆಯೂ ಬಹುಮಟ್ಟಿಗೆ ಅವರ ಬರಹವೇ. ಡಾಡ್‌ಗೆ ಇಷ್ಟು ಸತ್ವವುಳ್ಳ ಬರವಣಿಗೆ ಎಲ್ಲಿಂದ ಬಂತೆಂದು ಒಬ್ಬರು ಸಂದೇಹಪಟ್ಟಾಗ ಜಾನ್ಸನ್ ಕೊಟ್ಟ ಉತ್ತರವೇ ಈ ನಗೆಮಾತು. ಆತ ತನ್ನದೆಂದು ಹೇಳಿಕೊಳ್ಳಲೆಂದೇ ಅದನ್ನು ಪಡೆದಿದ್ದರಿಂದ ಗುಟ್ಟು ಕಾಯುವ ಮಾತು ಅದರಲ್ಲೇ ಅಡಗಿತ್ತೆಂದೂ, ತಾವು ನೇರವಾಗಿ ಸುಳ್ಳಾಡಲಿಲ್ಲವೆಂದೂ ಅವರು ಬಾಸ್ವೆಲ್‌ಗೆ ಆಮೇಲೆ ವಿವರಿಸಿದರು. ಸೆಮಿನರಿಯ ನೀತಿಶಾಸ್ತ್ರದ ತರಗತಿಯಲ್ಲಿ ಇದರ ಬಗ್ಗೆ ಒಂದು ಗಂಟೆ ಚರ್ಚಿಸಬಹುದು. ಅದಿರಲಿ.

ಮನವಿಗಳು ಫಲಿಸಲಿಲ್ಲ. 1777ರ ಜೂನ್ 27ರಂದು ಡಾಡ್‌ನನ್ನು ನೇಣಿಗೇರಿಸಿದರು. ಹಿಂದಿನ ದಿನ ಜಾನ್ಸನ್ ಅವನಿಗೊಂದು ಸಾಂತ್ವನದ ಪತ್ರ ಬರೆದರು. ಅದರ ಕೊನೆಯಲ್ಲಿ, ತಾವು ಮಾಡಿದ ಉಪಕಾರಕ್ಕೆ ಪ್ರತಿಯಾಗಿ ತಮ್ಮ ಆತ್ಮದ ರಕ್ಷಣೆಗಾಗಿ ಒಂದು ಪ್ರಾರ್ಥನೆ ಸಲ್ಲಿಸಬೇಕೆಂದು ಆ ಅಪರಾಧಿಯನ್ನು ಬೇಡಿಕೊಂಡಿದ್ದರು.