ಜಲಗಾರನ ತಟ್ಟೆ, ಸಾಧಕನ ಮನಸ್ಸು

ಚಳ್ಳಕೆರೆ-ಮೊಳಕಾಲ್ಮೂರು ಸೀಮೆಯ ಬ್ರಹ್ಮಗಿರಿಯಲ್ಲಿರುವ ಅಶೋಕಶಾಸನವು 1892ರಲ್ಲಿ ಬಿ. ಎಲ್. ರೈಸರಿಂದ ಬೆಳಕಿಗೆ ಬಂದಿತು. ಅದರಲ್ಲಿನ ಆಜ್ಞೆಯು ಈ ಪ್ರಾಂತಕ್ಕೆ ಬಂದುದು ಸುವರ್ಣಗಿರಿಯಿಂದ. ಆ ಹೆಸರನ್ನು ಕೇಳಿದೊಡನೆ, ಹೊಳೆಯ ಮರಳನ್ನು ತೊಳೆದು ಹೊನ್ನನ್ನು ಅರಸುತ್ತಿದ್ದ ನಮ್ಮ ನಾಡಿನ ಜಲಗಾರರ ಸ್ಮರಣೆಯಾಗುತ್ತದೆ.

ಆ ಕಸುಬಿಗೆ ಹೊಸಬನಾದವನು ಮೊದಲು ಕಲಿಯತಕ್ಕದ್ದು ತಾಳ್ಮೆ. ಹೊನ್ನು ನೀರಿಗಿಂತ 19 ಪಟ್ಟು ಭಾರ. ಬಿಳಿಮರಳು ಎರಡೂವರೆ ಪಟ್ಟು ಮಾತ್ರ. ತಟ್ಟೆಯನ್ನು ನೀರಿನಲ್ಲಿ ಮೆಲ್ಲನೆ ಆಡಿಸಿದರೆ ಬಿಳಿಮರಳು ಹರಿದುಹೋಗುತ್ತದೆ. ಕಬ್ಬಿಣದ ಅಂಶವುಳ್ಳ ಕರಿಮರಳಾದರೋ ಸುಮಾರು 5 ಪಟ್ಟು ಭಾರವಾದುದರಿಂದ ಹೊನ್ನಿನೊಡನೆಯೇ ತಳದಲ್ಲಿ ಉಳಿಯುತ್ತದೆ. ಅವಸರಪಟ್ಟರೆ ಹೊನ್ನೂ ಹೋದೀತು. ಅಲ್ಲಿಗೇ ನಿಲ್ಲಿಸಿದರೆ ಕರಿಮರಳೇ ಗಂಟಾದೀತು.

ಸಾಧನೆಯೂ ಹೀಗೆಯೇ. ಸ್ಥೂಲದೋಷಗಳು ಬೇಗ ತೊಲಗುತ್ತವೆ. ‘ನಾನು ವ್ರತ ಮಾಡಿದೆ, ನಾನು ದಾನ ಕೊಟ್ಟೆ’ ಎಂಬ ಅಭಿಮಾನ ಮಾತ್ರ ಪುಣ್ಯದೊಡನೆ ತಳಹಿಡಿದು ಕೂರುತ್ತದೆ. ಹಾಗಾದರೆ ಅಭಿಮಾನಕ್ಕೆ ಅಂಜಿ ಸತ್ಕರ್ಮವನ್ನೇ ಬಿಡಬೇಕೇ? ಕೂಡದು, ಅದು ಹೊನ್ನನ್ನೇ ಚೆಲ್ಲಿದಂತೆ. ಕರ್ಮವನ್ನು ಆಚರಿಸುತ್ತಲೇ, ಶ್ರೀಹರಿಯೊಬ್ಬನೇ ಸ್ವತಂತ್ರಕರ್ತೃ, ತಾನು ಅವನ ಅಧೀನನೆಂಬ ಅನುಸಂಧಾನದಿಂದ ಅಭಿಮಾನವನ್ನು ತೊಳೆಯಬೇಕು. ತೊಳೆಯುವುದರಿಂದ ಹೊನ್ನು ಹುಟ್ಟುವುದಿಲ್ಲ, ಇದ್ದುದು ಕಾಣುತ್ತದೆ. ಮುಕ್ತಿಯೋಗ್ಯ ಜೀವನ ಸ್ವರೂಪಾನಂದವೂ ಹಾಗೆಯೇ ಭಗವದನುಗ್ರಹದಿಂದ ವ್ಯಕ್ತವಾಗತಕ್ಕದ್ದು.

॥ ಶ್ರೀಕೃಷ್ಣಾರ್ಪಣಮಸ್ತು ॥